ಒಂಬತ್ತನ್ನು ಏಳು ಮಾಡಿದ ಕೈ

ಗುಗೈ, ಸೇಲಂ
19 ಫೆಬ್ರವರಿ 2025, ಬುಧವಾರ

ನನ್ನ ಮುದ್ದು ಇಂದುಜಾ,

ಮೊದಲ ಸಾಲಿನಲ್ಲಿ ಅಮ್ಮನ ಆಶೀರ್ವಾದಗಳು ಎಂದು ಬರೆದಿದ್ದೆ. ಆ ಹಾಳೆಯನ್ನು ಹರಿದು ಬೇರೆ ಹಾಳೆ ತೆಗೆದುಕೊಂಡೆ. ಇದನ್ನು ಓದಿ ಮುಗಿಸಿದ ಮೇಲೂ ನಿನಗೆ ನನ್ನ ಆಶೀರ್ವಾದ ಬೇಕು ಅನ್ನಿಸಿದರೆ ಆಗ ಕೇಳು, ಕೊಡುತ್ತೇನೆ.

ಪತ್ರವನ್ನು ನಿನ್ನ ಜೊತೆ ಕೆಲಸ ಮಾಡುವ ಗಿರಿ ತರುತ್ತಾನೆ. ರಜೆ ಮುಗಿಸಿ ಪೆನ್ನಾಗರಂನಿಂದ ನಾಳೆ ಮಧ್ಯಾಹ್ನ ಸೇಲಂ ಜಂಕ್ಷನ್‌ಗೆ ಬಂದು ರೈಲು ಹತ್ತುವವನು ಭಾನುವಾರ ನಿಮ್ಮ ಕ್ಯಾಂಪ್ ಸೇರುತ್ತಾನೆ. ಸೋಮವಾರ ಕೃಷ್ಣಪ್ರಸಾದನ ಮೇಲಿನ ದೂರಿಗೆ ನೀನು ಸಹಿ ಹಾಕಬೇಕು ಅಂದೆಯಲ್ಲ, ಅದಕ್ಕೆ ಮೊದಲು ಇದು ನಿನ್ನ ಕೈಯಲ್ಲಿರಬೇಕು. ಫೋನಿನಲ್ಲಿ ಹೇಳಬಹುದಿತ್ತು. ಹೇಳಲೆಂದೇ ಈ ಎರಡು ದಿನದಲ್ಲಿ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಊಟ ಆಯಿತಾ, ಕಾಲು ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ಬೇರೆ ಮಾತು ಹುಡುಕುತ್ತದೆ. ಕಾಗದದಲ್ಲಿ ಆ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಕೃಷ್ಣಪ್ರಸಾದ ನಿನ್ನ ಅಳತೆಯನ್ನು ತಪ್ಪಾಗಿ ಟೈಪ್ ಮಾಡಲಿಲ್ಲ. ಫಾರಂನಲ್ಲಿ ಇದ್ದದ್ದನ್ನೇ ಟೈಪ್ ಮಾಡಿದ. ಫಾರಂನಲ್ಲಿ ತಪ್ಪು ಅಳತೆ ಬರೆದವಳು ನಾನು. ಕೈತಪ್ಪಿ ಅಲ್ಲ, ತಿಳಿದೂ ತಿಳಿದೂ.

ಇನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಈ ಪತ್ರವನ್ನು ನೀನು ಬೇರೆಯವರಿಗೂ ಓದಿ ಹೇಳಬೇಕಾಗಿ ಬರಬಹುದು, ಅದಕ್ಕೆ. ನಾನು ಹನೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಹತ್ತನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದು. ಕಟಿಂಗ್ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ನಿನಗೂ ಕಲಿಸಿದೆ. ನಿಮ್ಮಪ್ಪನಿಗೆ ಮಾತಾಡಲು ಬರುತ್ತದೆ, ಓದಲು ಬಾರದು. ಪಕ್ಕದ ಮನೆ ಪೂಂಗೊಡಿಗೆ ಎರಡೂ ಬಾರದು. ಆಗೆಲ್ಲ ನಾವಿಬ್ಬರೂ ಚೀಟಿ ಬರೆದು ನಗುತ್ತಿದ್ದೆವು. ಆ ಅಕ್ಷರದಲ್ಲಿ ಇಂಥದ್ದನ್ನು ಬರೆಯಬೇಕಾಗಿ ಬಂತು.

ಹೋದ ಆಗಸ್ಟ್‌ನಲ್ಲಿ ಶಂಕಗಿರಿಯಿಂದ ನಿನ್ನನ್ನು ನೋಡಲು ಬಂದಿದ್ದರಲ್ಲ. ಲಾರಿ ಇಟ್ಟಿರುವ ಮನೆಯವರು. ಸಂಬಂಧ ತಂದವನು ಕೃಷ್ಣಪ್ರಸಾದನೇ. ನಿಮ್ಮ ಕಂಪನಿಯ ಮೆಟ್ಟೂರು ಆಫೀಸಿನಲ್ಲಿ ಸ್ಟೋರ್ ನೋಡಿಕೊಳ್ಳುವ ಹುಡುಗ, ನೀನು ಅಣ್ಣ ಎಂದು ಕರೆಯುವವನು, ನಮ್ಮ ಕಡೆಯ ಮಾತಾಡುವವನು ಎಂದು ನಮಗೆಲ್ಲ ಅವನ ಮೇಲೆ ನಂಬಿಕೆ. ವರನ ತಾಯಿ ವಳ್ಳಿಯಮ್ಮ ಅವನಿಗೆ ದೊಡ್ಡಮ್ಮ ಆಗಬೇಕು. ನೀನು ಕಾಫಿ ಲೋಟಗಳ ತಟ್ಟೆ ಹಿಡಿದು ಬಂದೆ. ವಳ್ಳಿಯಮ್ಮ ನಿನ್ನ ಮುಖ ನೋಡಿದರು, ಜಡೆ ನೋಡಿದರು, ಆಮೇಲೆ ಕೆಳಗೆ ನೋಡಿದ ಕಣ್ಣು ಅಲ್ಲೇ ನಿಂತುಬಿಟ್ಟಿತು. ನೀನು ಒಳಗೆ ಹೋದ ಮೇಲೆ ಪಕ್ಕದಲ್ಲಿದ್ದವರಿಗೆ ಹೇಳಿದರು. ಮೆಲ್ಲಗೆ ಹೇಳಿದೆ ಅಂದುಕೊಂಡಿರಬೇಕು.

"ಉಡ್ಗಿ ಲಕ್ಷಣವಾಗವ್ಳೆ. ಕಾಲು ಮಾತ್ರ ಗಂಡಸ್ರ ಕಾಲಿದ್ದಂಗೈತೆ."

ಪಕ್ಕದವರು ನಕ್ಕರು. ವಳ್ಳಿಯಮ್ಮ ನನ್ನ ಕಡೆ ತಿರುಗಿ, "ಇವಳ್ಗೆ ಚಪ್ಲಿ ಎಲ್ಲವ್ವಾ ಸಿಗ್ತದೆ?" ಎಂದು ಕೇಳಿದರು. ನಾನು ಏನು ಹೇಳಿದೆ ಗೊತ್ತಾ? "ಬೆಳೆಯೋ ಮಕ್ಳಲ್ವಾ, ಒಂದು ಅಳತೆ ದೊಡ್ಡದೇ ತಗಳ್ಳೋದು" ಅಂದೆ. ಇಪ್ಪತ್ತಾರು ವರ್ಷದ ಮಗಳ ಬಗ್ಗೆ ಹಾಗಂದೆ.

ನಿನಗೆ ಆ ಮಾತು ಕೇಳಿಸಲಿಲ್ಲ. ಕೇಳಿಸಿದ್ದರೂ ನೀನು ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಕೊಳತ್ತೂರಿನಲ್ಲಿ ನಿನ್ನ ತಾತ ನಿನ್ನನ್ನು ತೆಪ್ಪದಿಂದ ಕಾವೇರಿಗೆ ಇಳಿಸಿದ ದಿನದಿಂದ, "ಈ ಕಾಲು ನೋಡಿ, ತೆಪ್ಪದ ಹುಟ್ಟು ಇದ್ದಂಗೈತೆ, ಒಂದು ಒದ್ದರೆ ಎರಡು ಮಾರು ಓಯ್ತಾಳೆ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರು. ನೀನು ಆ ಮಾತನ್ನು ನಂಬಿ ಬೆಳೆದವಳು. ನನಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ನಿನ್ನದು ನನ್ನದೇ ಕಾಲು. ಮದುವೆಯ ದಿನ ನಾನು ಸೀರೆಯನ್ನು ಎರಡು ಇಂಚು ಇಳಿಸಿ ಉಟ್ಟು, ಎಡವಿ ಎಡವಿ ನಡೆದಿದ್ದೆ. ನಮ್ಮ ಊರಲ್ಲಿ ಬೆಳ್ಳಿ ಕಾಲುಂಗುರಕ್ಕೆ, ಕಾಲ್ಗೆಜ್ಜೆಗೆ ಕಡಿಮೆಯೇ? ಎಲ್ಲರ ಕಣ್ಣೂ ಕಾಲಿನ ಮೇಲೆಯೇ. ಈವತ್ತಿಗೂ ಅಂಗಡಿಯವರ ಮುಂದೆ ಕಾಲು ಚಾಚಲು ನನಗೆ ಆಗುವುದಿಲ್ಲ.

ಇದನ್ನು ನೆಪ ಅಂತ ಹೇಳುತ್ತಿಲ್ಲ. ಕೈ ಯಾಕೆ ಹಾಗೆ ತಿರುಗಿತು ಎಂದು ನೀನು ಕೇಳುತ್ತೀಯ ಎಂದು ಬರೆದೆ.

ಅದಾದ ಮುಂದಿನ ಭಾನುವಾರವೇ ನೀನು ಮೆಟ್ಟೂರಿನಿಂದ ಬಂದೆ. ಎಷ್ಟು ಖುಷಿಯಾಗಿದ್ದೆ ಅಂದು! ಹಿಮಾಚಲದ ಅಣೆಕಟ್ಟಿನ ಕೆಲಸಕ್ಕೆ ನೀರಿನೊಳಗೆ ಇಳಿಯುವ ಎಂಟು ಜನರಲ್ಲಿ ನೀನೊಬ್ಬಳೇ ಹೆಣ್ಣು. ಕಂಪನಿ ಎಲ್ಲರಿಗೂ ಅವರವರ ಮೈಗೆ ತಕ್ಕ ಡ್ರೈಸೂಟ್ ಮಾಡಿಸಿಕೊಡುತ್ತದೆ, ಫಾರಂ ತುಂಬಿ ಕೊಡಬೇಕು ಅಂದೆ. ಫಾರಂ, ಚಿತ್ರಗಳು, ಬಟ್ಟೆಯ ತುಂಡುಗಳು, ಎಲ್ಲವನ್ನೂ ಕಟಿಂಗ್ ಟೇಬಲ್ ಮೇಲೆ ಹರಡಿದೆ.

"ನೋಡಮ್ಮಾ, ಮೆಟ್ಟೂರಲ್ಲಿ ಆಕ್ಕತೀನಲ್ಲ, ಅದು ವೆಟ್‌ಸೂಟ್. ಅದ್ರೊಳಗೆ ನೀರು ಬತ್ತದೆ, ಮೈ ಬಿಸಿಗೆ ಆ ನೀರು ಬೆಚ್ಗಾಯ್ತದೆ. ಅಲ್ಲಿ ನೀರು ನಾಕು ಡಿಗ್ರಿ, ಅದು ತಾಳಲ್ಲ. ಇದು ಡ್ರೈಸೂಟ್. ಒಂದು ತೊಟ್ಟೂ ಒಳಕ್ಕೆ ಬರಾಕಿಲ್ಲ. ಒಳಗೆ ಉಣ್ಣೆ, ಉಣ್ಣೆ ತುಂಬ ಗಾಳಿ. ಆ ಗಾಳಿನೇ ಬೆಚ್ಗಿಡೋದು."

ಮೂವತ್ತು ವರ್ಷ ಬಟ್ಟೆ ಹೊಲಿದವಳು ನಾನು, ಇಂಥ ಬಟ್ಟೆ ನೋಡಿರಲಿಲ್ಲ. ಎರಡು ತರಹ ಇತ್ತು. ಒಂದು ದಪ್ಪ ರಬ್ಬರಿನದು, ತಾನೇ ಬೆಚ್ಚಗಿರುವಂಥದ್ದು, ಸ್ವಲ್ಪ ಎಳೆಯುತ್ತದೆ. ಇನ್ನೊಂದು ಮೂರು ಪದರ ಅಂಟಿಸಿದ ತೆಳು ಬಟ್ಟೆ. ನನಗೆ ಮೊದಲನೆಯದೇ ಒಳ್ಳೆಯದು ಅನ್ನಿಸಿತು. ನೀನು ಬೇಡ ಅಂದೆ. ಅಣೆಕಟ್ಟಿನ ಬಾಗಿಲಿನ ತುಕ್ಕು ಕಬ್ಬಿಣಕ್ಕೆ ತಗುಲಿ ಹರಿದರೆ ತೆಳುವಾದದ್ದಕ್ಕೆ ತೇಪೆ ಹಾಕುವುದು ಸುಲಭ, ಬೇಗ ಒಣಗುತ್ತದೆ, ಒಳಗಿನ ಉಣ್ಣೆಯನ್ನು ಚಳಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು ಎಂದು ವಿವರಿಸಿದೆ. ನಾನು ಆ ತುಂಡನ್ನು ಕೈಗೆ ತೆಗೆದುಕೊಂಡು ಉದ್ದಕ್ಕೆ ಎಳೆದೆ, ಅಡ್ಡಕ್ಕೆ ಎಳೆದೆ, ಓರೆಯಾಗಿ ಹಿಡಿದು ಎಳೆದೆ. ಒಂದು ನೂಲಿನಷ್ಟೂ ಬರಲಿಲ್ಲ. ಆಗ ನಾನೇ ನಿನಗೆ ಹೇಳಿದೆ, "ಇದು ಎಳಿಯಾಕೆ ಬರಾಕಿಲ್ಲ ಕಣೇ. ಅಳತೆ ಕರೆಕ್ಟಾಗಿರ್ಬೇಕು." ಆ ಮಾತು ನನ್ನ ಬಾಯಿಂದಲೇ ಬಂದದ್ದು. ನನಗೆ ಗೊತ್ತಿರಲಿಲ್ಲ ಎಂದು ನಾಳೆ ಯಾರಾದರೂ ನನ್ನ ಪರವಾಗಿ ಹೇಳಿದರೆ ನಂಬಬೇಡ.

ಆಮೇಲೆ ಕಾಲಿನ ವಿಷಯ. ಸೂಟಿಗೇ ಅಂಟಿಸಿದ ಗಟ್ಟಿ ಬೂಟು ಬೇಕೋ, ಇಲ್ಲ ಸೂಟಿನ ತುದಿಯಲ್ಲಿ ಮೆತ್ತನೆಯ ಕಾಲುಚೀಲ ಇದ್ದು ಅದರ ಮೇಲೆ ಬೇರೆ ಲೇಸ್ ಕಟ್ಟುವ ಬೂಟು ಬೇಕೋ ಎಂದು. ಅಂಟಿಸಿದ ಬೂಟಿನಲ್ಲಿ ಒಂದೇ ಸಲಕ್ಕೆ ಕಾಲು ತೂರಿಸಬಹುದು. ಆದರೆ ಅದು ಸಡಿಲವಾದರೆ ಗಾಳಿಯೆಲ್ಲ ಕಾಲಿಗೆ ಓಡಿ ಮನುಷ್ಯ ತಲೆಕೆಳಗಾಗುತ್ತಾನಂತೆ. ಲೇಸಿನದಾದರೆ ಹರಡಿನ ಹತ್ತಿರ ಬಿಗಿಯಾಗಿ ಕೂರುತ್ತದೆ, ಅಣೆಕಟ್ಟಿನ ಕಲ್ಲುಗಳ ಮೇಲೆ ನಡೆಯಲೂ ಹಿಡಿತ ಸಿಗುತ್ತದೆ. ಲೇಸಿನದೇ ಆಗಲಿ ಅಂದೆ ನೀನು.

"ಆದ್ರೆ ಒಳಗೆ ಬೆರಳು ಆಡ್ಬೇಕು ಅಮ್ಮಾ. ಬಿಗಿ ಆದ್ರೆ ರಕ್ತ ಓಡಲ್ಲ, ಉಣ್ಣೆನೂ ಒತ್ಕಂಡು ಗಾಳಿ ಇಲ್ದೆ ಓಗ್ತದೆ. ಆಮೇಲೆ ಎಷ್ಟು ಕಾಲುಚೀಲ ಆಕಿದ್ರೂ ದಂಡ."

ಸೇಲಂನ ಆ ಸೆಕೆಯಲ್ಲಿ ನೀನು ಕಂಪನಿ ಕೊಟ್ಟ ಉಣ್ಣೆಯ ಒಳಬಟ್ಟೆ, ಎರಡು ಜೊತೆ ಕಾಲುಚೀಲ ಎಲ್ಲ ಹಾಕಿಕೊಂಡು ಫ್ಯಾನಿನ ಕೆಳಗೆ ನಿಂತೆ. ಬೆವರು ಧಾರಾಕಾರ. "ಸೀಕ್ರಂ ಅಮ್ಮಾ, ಬೇಗ ಬೇಗ, ಬೆಂದೋಗ್ತಿವ್ನಿ" ಎಂದು ನಗುತ್ತಿದ್ದೆ. ನಾನು ಟೇಪ್ ಹಿಡಿದೆ, ನೀನು ಕೂಗಿದೆ, ರವಿಕೆ ಬಿಲ್ಲಿನ ಹಿಂದೆ ನಾನು ಬರೆದುಕೊಂಡೆ. ಸೀಟ್, ಅಂದರೆ ಸೊಂಟದ ಕೆಳಗಿನ ಸುತ್ತಳತೆ, ನಲವತ್ತೆರಡೂವರೆ. ತೊಡೆ ಇಪ್ಪತ್ತೈದು. ಕಾಲಿನ ನಂಬರ್, ಬರಿಗಾಲಿಗೆ ಎಂಟು, ಕಾಲುಚೀಲದ ಮೇಲೆ ಒಂಬತ್ತು. ನಾಲ್ಕು ಗಂಟೆ ಬಸ್ಸಿಗೆ ಹೊತ್ತಾಗಿತ್ತು. ಫಾರಂನ ಇಂಗ್ಲಿಷ್ ಸಾಲುಗಳ ಪಕ್ಕ ನೀನು ಪೆನ್ಸಿಲಿನಲ್ಲಿ ಕನ್ನಡ ಬರೆದಿಟ್ಟೆ. "ನೀನೇ ತುಂಬ್ಸಿ ಕೃಷ್ಣಪ್ರಸಾದಣ್ಣನ ವಾಟ್ಸಾಪ್‌ಗೆ ಫೋಟೋ ಆಕ್ಬುಡು, ಅವ್ರು ಟೈಪ್ ಮಾಡಿ ಕಳಿಸ್ತಾರೆ" ಎಂದು ಹೇಳಿ ಓಡಿದೆ.

ಮರುದಿನ ಬೆಳಿಗ್ಗೆ ನಾನು ತುಂಬಲು ಕೂತೆ. ಎತ್ತರ, ತೋಳು, ಎದೆ, ಎಲ್ಲ ಸರಿಯಾಗೇ ಬರೆದೆ. ಸೀಟ್ ಬಂತು. ಆಗ ತಲೆಗೆ ಹೊಳೆಯಿತು, ಈ ಕಾಗದ ಹೋಗುವುದು ಕೃಷ್ಣಪ್ರಸಾದನ ಕೈಗೆ. ವಳ್ಳಿಯಮ್ಮನ ಮನೆಯವನು. ಅವರು ಇನ್ನೂ ಹೂಂ ಎಂದೂ ಹೇಳಿರಲಿಲ್ಲ, ಉಹೂಂ ಎಂದೂ ಹೇಳಿರಲಿಲ್ಲ. ಹುಡುಗಿಯ ಸೊಂಟ, ತೊಡೆ, ಕಾಲು, ಎಲ್ಲ ಅಂಕಿಯಲ್ಲಿ ಬರೆದು ನಾನೇ ಆ ಮನೆಗೆ ಕಳಿಸುತ್ತಿದ್ದೇನೆ ಅನ್ನಿಸಿತು. ಆ ನಗು ಮತ್ತೆ ಕೇಳಿಸಿತು. ನಲವತ್ತೆರಡೂವರೆಯನ್ನು ಮೂವತ್ತೆಂಟು ಎಂದು ಬರೆದೆ. ಇಪ್ಪತ್ತೈದನ್ನು ಇಪ್ಪತ್ತೆರಡು ಮಾಡಿದೆ. ಕಾಲಿನ ಜಾಗದಲ್ಲಿ ಮೊದಲು ಒಂಬತ್ತು ಎಂದೇ ಬರೆದಿದ್ದೆ. ಅದರ ಮೇಲೆ ತಿದ್ದುವ ಬಿಳಿ ಹಚ್ಚಿ, ಒಣಗಲು ಊದಿ, ಏಳು ಬರೆದೆ.

ಹೊಲಿಯುವವರು ಹೇಗಿದ್ದರೂ ನಾಲ್ಕು ಇಂಚು ಸಡಿಲ ಇಟ್ಟೇ ಇಡುತ್ತಾರೆ, ನಾವೆಲ್ಲ ಹಾಗೆ ಇಡುವುದಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕುತ್ತಿಗೆಯ ಅಳತೆಯನ್ನು ಮುಟ್ಟಲಿಲ್ಲ. ಅಲ್ಲಿ ನೀನು ಪೆನ್ಸಿಲಿನಲ್ಲಿ, ಬಿಗಿಯಾದರೆ ತಲೆ ಸುತ್ತಿ ಬೀಳುತ್ತಾರೆ, ಹುಷಾರು, ಎಂದು ಬರೆದಿದ್ದೆ. ಕುತ್ತಿಗೆಯನ್ನು ಬಿಟ್ಟೆ ಎಂದ ಮೇಲೆ ಉಳಿದದ್ದೂ ಅಪಾಯ ಎಂದು ನನಗೆ ಗೊತ್ತಿತ್ತು ಎಂದೇ ಅರ್ಥ ಅಲ್ಲವೇ? ಇದನ್ನು ನಾನು ತುಂಬ ದಿನ ಯೋಚಿಸಿದ್ದೇನೆ. ಬೇರೆ ಅರ್ಥ ಸಿಗಲಿಲ್ಲ.

ಮಂಗಳವಾರ ಕೃಷ್ಣಪ್ರಸಾದ ಫೋನ್ ಮಾಡಿದ. ಬಹಳ ಸಂಕೋಚದಿಂದಲೇ ಕೇಳಿದ, "ಅಮ್ಮಾ, ತಪ್ಪು ತಿಳ್ಕೋಬ್ಯಾಡಿ. ಈ ಅಳತೆ ಸರಿನಾ ಅಂತ ಇನ್ನೊಂದ್ಸಲ ನೋಡ್ತೀರಾ? ಇಂದುಜಾ ಬೂಟ್ ನಂಬರ್ ಇಲ್ಲಿ ಸ್ಟೋರಲ್ಲೂ ಐತೆ. ಅದಕ್ಕೂ ಇದಕ್ಕೂ ಸೇರ್ತಿಲ್ಲ."

ಇಷ್ಟು ಸುಲಭದ ಬಾಗಿಲು ದೇವರು ಯಾರಿಗೂ ತೆರೆದು ಕೊಡುವುದಿಲ್ಲ. ಹೌದಪ್ಪಾ, ಅವಸರದಲ್ಲಿ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಏರಿಹೋದೆ. ಮೂವತ್ತು ವರ್ಷದಿಂದ ಈ ಬೀದಿಯ ಹೆಂಗಸರಿಗೆಲ್ಲ ಅಳತೆ ತೆಗೆದವಳಿಗೆ ನೀನು ಅಳತೆ ಹೇಳಿಕೊಡುತ್ತೀಯಾ, ಹೆಣ್ಣುಮಕ್ಕಳ ಅಳತೆಯನ್ನು ಗಂಡಸರು ಕೆದಕಿ ಕೆದಕಿ ಕೇಳುವುದು ಯಾವ ಮರ್ಯಾದೆ ಎಂದು ಬೈದೆ. ಪಾಪ, ಅವನು "ಸಾರಿ ಅಮ್ಮಾ" ಎಂದು ಇಟ್ಟ. ಅದನ್ನೇ ಟೈಪ್ ಮಾಡಿ ಕಳಿಸಿದ.

ಅಕ್ಟೋಬರ್‌ನಲ್ಲಿ ನೀವೆಲ್ಲ ಹೊರಟಿರಿ. ಸೂಟು ನೇರ ಕ್ಯಾಂಪಿಗೇ ಬಂತು. ನವೆಂಬರ್ ಮೂರನೇ ವಾರ ನೀನು ಫೋನ್ ಮಾಡಿದಾಗ ಮೊದಲ ಸಲ ನಿನ್ನ ದನಿ ಸಣ್ಣದಾಗಿ ಕೇಳಿಸಿತು.

"ಅಮ್ಮಾ, ಜಿಪ್ಪು ಮುಚ್ಚಾಕೇ ಆಯ್ತಿಲ್ಲ. ಗಿರಿಯಣ್ಣ, ಇನ್ನೊಬ್ರು, ಇಬ್ರು ಸೇರಿ ಎಳದ್ರು. ನಾ ದಪ್ಪ ಆಗೋಗಿವ್ನಿ ಅಮ್ಮಾ. ಉಳಿದವರ್ಗೆಲ್ಲ ಸರಿಯಾಗೈತೆ."

ಬದಲಾಯಿಸಿ ಕೊಡಿ ಎಂದು ಕೇಳು ಎಂದೆ. ಕೇಳಿದರೆ, ಹೆಂಗಸರನ್ನು ಕರೆದುಕೊಂಡು ಬಂದರೆ ಇದೇ ಗೋಳು ಅನ್ನುತ್ತಾರೆ, ನಾನೇ ಮೈ ಇಳಿಸಿಕೊಳ್ಳುತ್ತೇನೆ ಎಂದೆ ನೀನು. ದಪ್ಪ ಉಣ್ಣೆ ಬಿಟ್ಟು ತೆಳು ಉಣ್ಣೆ ಹಾಕಿದೆಯಂತೆ. ಎರಡು ಜೊತೆ ಕಾಲುಚೀಲದ ಜಾಗದಲ್ಲಿ ಒಂದೇ ಜೊತೆ. ರಾತ್ರಿ ಊಟ ಬಿಟ್ಟೆಯಂತೆ. ಆ ಚಳಿಯಲ್ಲಿ ಬೆಳಿಗ್ಗೆ ಒಂದು ಚಪಾತಿ. ಅದನ್ನು ಕೇಳಿಕೊಂಡು ನಾನು ಇಲ್ಲಿ ಒಲೆಯ ಮುಂದೆ ನಿಂತಿದ್ದೆ. ಆಗ ನಾನು ನಿನಗೆ ಹೇಳಿದ್ದು ನಿನಗೆ ನೆನಪಿರಬಹುದು, "ಹೂಂ ಕಣವ್ವಾ, ವಸಿ ಬಾಯಿ ಕಟ್ಟು, ಸರಿ ಓಯ್ತದೆ."

ಇಂದುಜಾ, ಅಳತೆ ತಿದ್ದಿದ್ದಕ್ಕಿಂತ ಈ ಮಾತಿಗೆ ನಾನು ಹೆಚ್ಚು ನಾಚುತ್ತೇನೆ. ಹಸಿದಿರುವ ಮಗುವಿಗೆ ಇನ್ನೂ ಹಸಿದಿರು ಎಂದು ಹೇಳಿದ ತಾಯಿ ನಾನು. ಅದೂ ನನ್ನ ಸುಳ್ಳು ನಿಜವಾಗಲಿ ಎಂದು. ನೀನು ನಿಜವಾಗಿಯೂ ಮೂವತ್ತೆಂಟಕ್ಕೆ ಇಳಿದುಬಿಟ್ಟರೆ ನಾನು ಬಚಾವಾದೆ ಎಂದು ಲೆಕ್ಕ ಹಾಕುತ್ತಿದ್ದೆ.

ಡಿಸೆಂಬರ್ ಹನ್ನೆರಡು, ಗುರುವಾರ, ಸಂಜೆ ಗಿರಿ ಫೋನ್ ಮಾಡಿದ. ನೀನು ನನಗೆ ಆ ದಿನದ ಬಗ್ಗೆ ಹೆಚ್ಚು ಹೇಳಲಿಲ್ಲ; ನಾನು ಹೆದರುತ್ತೇನೆ ಎಂದು ಬಿಟ್ಟಿರಬೇಕು. ನನಗೆ ಗೊತ್ತಿರುವುದೆಲ್ಲ ಗಿರಿ ಹೇಳಿದ್ದು. ನೀನು ಕೆಳಗೆ ಬಾಗಿಲಿನ ಅಂಚು ಪರೀಕ್ಷೆ ಮಾಡುತ್ತಿದ್ದೆ, ಅವನು ದಡದಲ್ಲಿ ನಿನ್ನ ಹಗ್ಗ ಹಿಡಿದಿದ್ದ.

"ಅಕ್ಕಾ, ಅಗ್ಗ ಎಳ್ದು ಸಿಗ್ನಲ್ ಕೊಟ್ಟೆ. ತಿರುಗಿ ಎರಡು ಸಲ ಎಳೀಬೇಕು. ಎಳದ್ಲು. ಆದ್ರೆ ಆ ಎಳತ ಅವಳ್ದಲ್ಲ ಅನ್ನಿಸ್ತು. ಎಳೇ ಮಕ್ಳು ಸೆರಗು ಎಳ್ದಂಗಿತ್ತು. ನಾನು ಯಾರ್ನೂ ಕೇಳ್ನಿಲ್ಲ, ಮ್ಯಾಲಕ್ಕೆ ತರಾಕೆ ಶುರು ಮಾಡ್ದೆ."

ಹದಿನೈದು ನಿಮಿಷದಿಂದ ನಿನಗೆ ಕಾಲೇ ಗೊತ್ತಾಗುತ್ತಿರಲಿಲ್ಲವಂತೆ. ಎಡಗಾಲಿನ ಈಜುರೆಕ್ಕೆ ಕಳಚಿ ಬಿದ್ದದ್ದೂ ತಿಳಿದಿರಲಿಲ್ಲ. ಒದೆಯಲು ಹೋದರೆ ಒದೆತ ಇಲ್ಲ. ಬಗ್ಗಿ ಕಾಲು ಮುಟ್ಟಿ ನೋಡೋಣ ಎಂದರೆ ತೊಡೆಯ ಹತ್ತಿರ ಸೂಟು ಬಗ್ಗಲು ಬಿಡಲಿಲ್ಲ. ದಡಕ್ಕೆ ತಂದಾಗ ಮಾತು ತೊದಲುತ್ತಿತ್ತು. ಬೂಟಿನ ಲೇಸ್ ಕತ್ತರಿಸಿ ತೆಗೆದರಂತೆ. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವಂತೆ. ಮೂರು ವಾರದಿಂದ ದಿನಾ ಅದರಲ್ಲೇ ಇಳಿಯುತ್ತಿದ್ದಳಲ್ಲ, ಇವತ್ತು ತಾಳಲಿಲ್ಲ ಎಂದ ಗಿರಿ. ಅವನು ಹಗ್ಗದ ತುದಿಯಲ್ಲಿ ನಿನ್ನನ್ನು ಗುರುತಿಸಿದ. ನಾನು ಟೇಪಿನ ತುದಿಯಲ್ಲಿ ನಿನ್ನನ್ನು ಬೇರೆ ಯಾರನ್ನೋ ಮಾಡಿದೆ.

ಜನವರಿಯಲ್ಲಿ ಇಪ್ಪತ್ತು ದಿನ ನೀನು ಇಲ್ಲಿದ್ದೆ. ಮುಟ್ಟಿದರೆ ತಿಳಿಯುವ ನರಕ್ಕೆ ಏಟಾಗಿದೆ, ಮೂರು ಬೆರಳಿಗೆ ಜೀವ ಬರಲು ತಿಂಗಳುಗಟ್ಟಲೆ ಬೇಕು, ಬರದೆಯೂ ಇರಬಹುದು, ಅಲ್ಲಿಯವರೆಗೆ ತಣ್ಣೀರಿಗೆ ಇಳಿಯಬಾರದು ಎಂದರು ಡಾಕ್ಟರ್. ಒಂದು ದಿನ ನೀನು ನಿಮ್ಮಪ್ಪನ ಜೊತೆ ಟಿವಿ ನೋಡಿಕೊಂಡು ನಗುತ್ತಿದ್ದೆ. ನಿಮ್ಮಪ್ಪ ಟೌನ್ ಬಸ್ಸಿನ ಯಾವುದೋ ಕಥೆ ಹೇಳುತ್ತಿದ್ದರು. ನಾನು ಕೆಳಗೆ ಬಿದ್ದ ಚೂರು ಬಟ್ಟೆ ಗುಡಿಸುತ್ತಿದ್ದವಳು ನೋಡಿದೆ, ನನ್ನ ಒಂದು ಗುಂಡುಸೂಜಿ ನಿನ್ನ ಎಡಗಾಲಿನ ಬೆರಳಿನಲ್ಲಿ ಅರ್ಧ ಇಳಿದು ನಿಂತಿತ್ತು. ನಿನಗೆ ಗೊತ್ತೇ ಇರಲಿಲ್ಲ. ನೀನು ನಗುತ್ತಲೇ ಇದ್ದೆ. ನಾನು ಕೂತು ಅದನ್ನು ಕಿತ್ತೆ. ಒಂದು ಹನಿ ರಕ್ತ ಬಂತು. "ಏನಮ್ಮಾ ಕಾಲಡಿ ಕೂತ್ಕಂಡು ಮಾಡ್ತಿದ್ದೀ?" ಎಂದು ಕೇಳಿದೆ. ಏನೂ ಇಲ್ಲ, ದಾರದ ತುಂಡು ಎಂದೆ. ಆಗಲೂ ಹೇಳಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಮುಖ ತೊಳೆದು ಬಂದು ಸಾರಿಗೆ ಒಗ್ಗರಣೆ ಹಾಕಿದೆ.

ನೀನು ಹಟ ಮಾಡಿ ಮತ್ತೆ ಹೋದೆ. ನೀರಿಗೆ ಇಳಿಯದಿದ್ದರೂ ದಡದಲ್ಲಿ ಹಗ್ಗ ಹಿಡಿಯುತ್ತೇನೆ ಎಂದು. ಈ ತಿಂಗಳ ಮೊದಲ ವಾರ ಸೂಟು ಮಾಡಿದವರು ತಮಗೆ ಬಂದ ಅಳತೆಗಳನ್ನು ಕಂಪನಿಗೆ ಕಳಿಸಿದರು. ಆವತ್ತು ನೀನು ಫೋನಿನಲ್ಲಿ ಕೂಗಾಡಿದೆ. "ಸೀಟ್ ಮೂವತ್ತೆಂಟಂತೆ ಅಮ್ಮಾ! ಕಾಲು ಏಳಂತೆ! ನೀನು ಬರ್ದಿದ್ದು ನಾನೇ ನೋಡಿವ್ನಿ. ಆ ಕೃಷ್ಣಪ್ರಸಾದಣ್ಣ ಕಣ್ಣು ಎಲ್ಲಿಟ್ಕಂಡು ಟೈಪ್ ಮಾಡಿದ್ನೋ! ನಾನು ಮೂರು ವಾರ ಉಪವಾಸ ಬಿದ್ದೆ ಅಮ್ಮಾ." ನಾನು, "ಅವನೇ ಎಲ್ಲೋ ತಪ್ಪು ಮಾಡಿರ್ಬೇಕು" ಎಂದೆ. ಮ್ಯಾನೇಜರು ಕೇಳಿದಾಗ ಅವನು, ಇರಬಹುದು ಎಂದಷ್ಟೇ ಹೇಳಿದನಂತೆ. ಅವನನ್ನು ಕೆಲಸದಿಂದ ನಿಲ್ಲಿಸಿದರು. ನೀನು ಸೋಮವಾರ ಸಹಿ ಹಾಕಿದರೆ ಪೂರ್ತಿ ಹೋಗುತ್ತದೆ.

ಮೊನ್ನೆ ಭಾನುವಾರ ನಾನು ಮೆಟ್ಟೂರಿಗೆ ಹೋಗಿ ಅವನನ್ನು ನೋಡಿ ಬಂದೆ. ಮಾಡಿದ್ದನ್ನು ಅವನೆದುರು ಒಪ್ಪಿಕೊಳ್ಳಬೇಕು ಅನ್ನಿಸಿ ಹೋದೆ. ಅವನ ತಾಯಿ ಮುತ್ಯಾಲಮ್ಮ ರಾಗಿ ಒಣಗಿಸುತ್ತಿದ್ದರು. ನಾನು ಯಾರೆಂದು ತಿಳಿದೂ ಬಾ ತಾಯಿ ಎಂದು ಚಾಪೆ ಹಾಕಿ ಮಜ್ಜಿಗೆ ಕೊಟ್ಟರು. ನಾನು ಕಳಿಸಿದ ಫಾರಂನ ಫೋಟೋ ಅವನ ಫೋನಿನಲ್ಲೇ ಇತ್ತು. ಬಿಳಿ ಹಚ್ಚಿದ್ದೂ ಕಾಣುತ್ತಿತ್ತು. ಅದನ್ನು ಮ್ಯಾನೇಜರಿಗೆ ತೋರಿಸಿದ್ದರೆ ಒಂದು ನಿಮಿಷದಲ್ಲಿ ಅವನು ಪಾರಾಗುತ್ತಿದ್ದ. ಯಾಕಪ್ಪಾ ತೋರಿಸಲಿಲ್ಲ ಎಂದೆ.

"ಅವತ್ತು ನಮ್ ದೊಡ್ಡವ್ವ ಆಡಿದ ಮಾತು ನನ್ಗೂ ಕೇಳಿಸ್ತು ಅಮ್ಮಾ. ನಾನು ಬಾಗ್ಲಲ್ಲೇ ಇದ್ದೆ. ಸುಮ್ನಿದ್ದೆ. ಪಾರಂ ನೋಡ್ದೇಟಿಗೆ ನೀವು ಯಾಕೆ ಇಂಗೆ ಬರ್ದ್ರಿ ಅಂತ ಗೊತ್ತಾಯ್ತು. ನೀವು ಬೈದ್ರಿ ಅಂತ ನಾನೂ ಅದ್ನೇ ಕಳಿಸ್ದೆ. ಸ್ಟೋರಲ್ಲಿ ಒಂಬತ್ತು ಅಂತ ಇದ್ದದ್ದು ನೋಡಿದ್ರೂ ಕಳಿಸ್ದೆ. ನನ್ದೂ ಐತೆ ಇದ್ರಲ್ಲಿ." ಆಮೇಲೆ ಹೇಳಿದ, "ಇಂದುಜಾಗೆ ನನ್ ಮ್ಯಾಲೆ ಕೋಪ ಬಂದ್ರೆ ಆರು ತಿಂಗ್ಳು ಇರ್ತದೆ. ನಿಮ್ ಮ್ಯಾಲೆ ಬಂದ್ರೆ?"

ಹೋದ ಕೆಲಸ ಮುಗಿಯಿತು, ಬಸ್ಸು ಹತ್ತಿ ಬಂದೆ. ದಾರಿಯುದ್ದಕ್ಕೂ ಆ ಹುಡುಗನ ಮುಖ. ತನ್ನದಲ್ಲದ ತಪ್ಪಿನಲ್ಲಿ ತನ್ನ ಪಾಲು ಹುಡುಕಿಕೊಂಡು ಕೂತಿದ್ದ ಅವನು. ನಾನು ನನ್ನ ಪಾಲನ್ನು ಅವನ ಮನೆಯ ಬಾಗಿಲಲ್ಲಿ ಬಿಟ್ಟು ಬರುತ್ತಿದ್ದೆ.

ಮರುದಿನ, ಮೊನ್ನೆ ಸೋಮವಾರ, ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಊಟಕ್ಕೆ ಕೂತಿದ್ದರು. ತಟ್ಟೆ ಸರಿಸಿ ಎದ್ದು ಹೊರಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದು, "ಉಡ್ಗೀಗೆ ಯೋಳು. ನಾನು ಯೋಳಾಕಿಲ್ಲ, ನೀನೇ ಯೋಳು" ಎಂದರು. ಅಷ್ಟೇ.

ಆ ದೂರಿಗೆ ಸಹಿ ಹಾಕಬೇಡ. ಶಂಕಗಿರಿಯವರ ವಿಷಯ ಏನಾಯಿತು ಎಂದು ನಾನು ವಿಚಾರಿಸಲಿಲ್ಲ, ಇನ್ನು ವಿಚಾರಿಸುವುದೂ ಇಲ್ಲ. ಹೊಸ ಸೂಟು ಮಾಡಿಸುವಾಗ ಬೇರೆ ಯಾರ ಕೈಯಲ್ಲಾದರೂ ಅಳತೆ ತೆಗೆಸಿಕೋ. ದಪ್ಪ ಉಣ್ಣೆ ಹಾಕಿಯೇ ನಿಲ್ಲು. ಬೂಟಿನೊಳಗೆ ಬೆರಳು ಆಡಲೇಬೇಕು, ನೀನು ಹೇಳಿಕೊಟ್ಟದ್ದೇ. ಹೊಟ್ಟೆ ತುಂಬ ತಿನ್ನು. ಆ ಮೂರು ವಾರದ ಊಟವನ್ನು ನಾನು ಯಾವ ಜನ್ಮದಲ್ಲಿ ಬಡಿಸಿ ತೀರಿಸಲಿ?

ಕೋಪ ಬಂದರೆ ಬೈದು ಬರಿ. ತಮಿಳಿನಲ್ಲಿ ಬೇಕಾದರೆ ತಮಿಳಿನಲ್ಲಿ ಬರಿ. ಬರೆಯಲು ಮನಸ್ಸಾಗದಿದ್ದರೆ ಬೇಡ. ನಾನು ಫೋನ್ ಮಾಡುವುದಿಲ್ಲ. ನೀನು ಮಾಡುವವರೆಗೆ ಕಾಯುತ್ತೇನೆ.

ನಿನ್ನ ಮುಖ ನೋಡುವ ಧೈರ್ಯವಿಲ್ಲದ
ಅಮ್ಮ,
ಶಶಿಕಲಾ

ತಾ.ಕ.: ಕವರ್ ಅಂಟಿಸಿ ಆಗಿತ್ತು. ಮತ್ತೆ ಬಿಚ್ಚಿದೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಮೆಟ್ಟೂರಿಗೆ ನಾನು ಒಪ್ಪಿಕೊಳ್ಳಲು ಹೋಗಲಿಲ್ಲ. ಆ ಫೋಟೋ ಅಳಿಸಿಬಿಡು ಎಂದು ಕೃಷ್ಣಪ್ರಸಾದನನ್ನು ಬೇಡಿಕೊಳ್ಳಲು ಹೋದೆ. ಅವನು ಇಲ್ಲ ಅನ್ನಲಿಲ್ಲ. ನನ್ನ ಕಣ್ಣೆದುರೇ ಅಳಿಸಿದ. ನಾನು ಫೋನನ್ನು ಈಸಿಕೊಂಡು, ಹೋಗಿದೆಯೋ ಇಲ್ಲವೋ ಎಂದು ಇನ್ನೊಂದು ಸಲ ನೋಡಿದೆ. ನನ್ನ ಫೋನಿನಲ್ಲಿದ್ದದ್ದನ್ನು, ಆ ಫಾರಂನ ಕಾಗದವನ್ನು ಡಿಸೆಂಬರ್‌ನಲ್ಲೇ ಇಲ್ಲದಂತೆ ಮಾಡಿದ್ದೆ. ಈಗ ಅವನ ಪರವಾಗಿ ಈ ಪತ್ರ ಬಿಟ್ಟರೆ ಬೇರೆ ಏನೂ ಉಳಿದಿಲ್ಲ. ಸಿಟ್ಟಿನಲ್ಲಿ ಹರಿದು ಹಾಕಬೇಡ, ಮಗಳೇ. ಸೋಮವಾರ ಮ್ಯಾನೇಜರಿಗೆ ಓದಿ ಹೇಳು.